ಮೈತ್ರಿ ಬರೆದಳೆನ್ನಲಾದ ಪತ್ರಗಳು

2025ರ ನವೆಂಬರ್ 18, ಮಂಗಳವಾರ. ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ಇಬ್ಬರು ಹೆಂಗಸರು ಆಳಂದ ತಾಲ್ಲೂಕಿನ ಒಂದು ಠಾಣೆಯ ಮೆಟ್ಟಿಲು ಹತ್ತಿದರು. ಒಬ್ಬರು ಎಪ್ಪತ್ತರ ಹತ್ತಿರದವರು. ಬಿಳಿ ಕೂದಲು, ಕನ್ನಡಕ, ಇಸ್ತ್ರಿ ಮಾಡಿದ ನೂಲಿನ ಸೀರೆ. ಇನ್ನೊಬ್ಬಳು ಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಸೀರೆಯಂಚಿಗೆ ಕರಿಮಣ್ಣು ಹತ್ತಿ ಒಣಗಿತ್ತು. ವಯಸ್ಸಾದವರು ದಾರಿಯಲ್ಲೇ ಅತ್ತು ಮುಗಿಸಿದ್ದರು. ಹೊಲದಿಂದ ಬಂದವಳು ಅತ್ತಿರಲಿಲ್ಲ.

ಠಾಣಾಧಿಕಾರಿ ಪಿಎಸ್‌ಐ ಶೈಲಶ್ರೀ ಇಬ್ಬರಿಗೂ ಕುರ್ಚಿ ತೋರಿಸಿದರು. ಹೊಲದಿಂದ ಬಂದವಳು ನಿಂತೇ ಇದ್ದಳು.

"ಯಾವೂರು?"

"ನಂದು ಸೋಲಾಪುರ್ರಿ. ತುಳಜಾಬಾಯಿ ಅಂತ. ನರ್ಸ್ ಇದ್ದೆ, ರಿಟೈರ್ ಆಗಿ ಹತ್ತು ವರ್ಷ ಆತು. ಈಕಿ ಸರಸಂಬಾದಾಕಿ, ಮಲ್ಕಮ್ಮ."

"ಏನಾಗ್ಯದ?"

"ಈಕಿ ಮಗಳು ಸತ್ತು ಎರಡೂವರಿ ವರ್ಷ ಆಗ್ಯದಂತ್ರಿ. ಆ ಹುಡುಗಿ ನನಗ ಹೋದ ಜೂನ್‌ದಾಗ ಪತ್ರ ಬರದಾಳ."

ಶೈಲಶ್ರೀ ಪೆನ್ನು ಕೆಳಗಿಟ್ಟರು. ತುಳಜಾಬಾಯಿ ಚೀಲದಿಂದ ಒಂದು ರಟ್ಟಿನ ಫೈಲು ತೆಗೆದು ಮೇಜಿನ ಮೇಲಿಟ್ಟರು. ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದರು.

ವಿಷಯ ಇಷ್ಟು. ಆಳಂದದಲ್ಲಿ 'ಕರುಣೆಯ ಕಣಜ ಸೇವಾ ಟ್ರಸ್ಟ್' ಎಂಬುದೊಂದಿದೆ. ಒಂದು ಪ್ರಾರ್ಥನಾ ಮಂದಿರ, ಹಳ್ಳಿಗಳಲ್ಲಿ ಸಂಜೆಯ ಟ್ಯೂಷನ್ ಕೇಂದ್ರಗಳು. ನಡೆಸುವವನು ಪಾಸ್ಟರ್ ದೇವಪುತ್ರ. ಬಡ ಮಕ್ಕಳ ಫೋಟೋ ತೋರಿಸಿ, ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದಾನಿಯನ್ನು ಗೊತ್ತುಮಾಡುತ್ತಾನೆ. ಸೋಲಾಪುರದ ಸಭೆಯೊಂದರಲ್ಲಿ ತುಳಜಾಬಾಯಿಗೆ ಸಿಕ್ಕ ಫೋಟೋ ಮೈತ್ರಿಯದು. ಮೊದಲು ತಿಂಗಳಿಗೆ ಎಂಟು ನೂರು ರೂಪಾಯಿ ಕಳಿಸುತ್ತಿದ್ದರು. ಆಮೇಲೆ ಹುಡುಗಿಯ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂಬ ಕಾಗದ ಬಂತು. 2023ರ ಜನವರಿ 11ರಂದು ತುಳಜಾಬಾಯಿ ತಮ್ಮ ನಿವೃತ್ತಿಯ ಹಣದಿಂದ 2,85,000 ರೂಪಾಯಿಯನ್ನು ಟ್ರಸ್ಟಿನ ಖಾತೆಗೆ ಹಾಕಿದ್ದರು.

ಫೈಲಿನಲ್ಲಿದ್ದ ಆ ಹಣದ ರಸೀದಿಯನ್ನು ಶೈಲಶ್ರೀ ಬೆಳಕಿಗೆ ಹಿಡಿದರು. ಕೆಳಗೆ ಸಣ್ಣಕ್ಷರದಲ್ಲಿ, ಈ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದೂ ನೋಂದಣಿ ಸಂಖ್ಯೆಯೂ ಇತ್ತು.

"ಟ್ಯಾಕ್ಸ್ ಉಳಿಸಾಕ ಕೊಟ್ರೇನು?"

"ನನ್ನ ಪೆನ್ಷನ್‌ಗೆ ಎಲ್ಲೀ ಟ್ಯಾಕ್ಸ್ ಬೀಳ್ತದ್ರಿ? ರಸೀದಿ ಮ್ಯಾಲ ಸರಕಾರದ ನಂಬರ್ ಇತ್ತು. ಸರಕಾರ ನೋಡೇ ಕೊಟ್ಟಿರ್ತದಲ್ಲ ಅಂತ ನಂಬಿದೆ."

2023ರ ಏಪ್ರಿಲ್ 15ರ ಪತ್ರದಲ್ಲಿ ಮಗುವಿನ ಕೈಬರಹ ಹೀಗಿತ್ತು: 'ಅಜ್ಜಿ, ನನ್ನ ಆಪರೇಷನ್ ಆಯಿತು. ಈಗ ನಾನು ಓಡುತ್ತೇನೆ.'

"ಮಗಳು ಯಾವತ್ತು ತೀರಿಕೊಂಡ್ಲು?" ಶೈಲಶ್ರೀ ಮಲ್ಕಮ್ಮನನ್ನು ಕೇಳಿದರು.

"ಮಾರ್ಚ್ ಇಪ್ಪತ್ತೊಂಬತ್ತ್ರಿ. ಅದs ವರ್ಷ. ಬುಧವಾರ."

"ಆಪರೇಷನ್?"

"ಆಗೇ ಇಲ್ರಿ."

ಆ ಪತ್ರದ ನಂತರ ಇನ್ನೂ ಐದು ಬಂದಿದ್ದವು, ಪ್ರತಿ ಜೂನ್ ಮತ್ತು ಡಿಸೆಂಬರಿನಲ್ಲಿ ಒಂದೊಂದು. ಮೈತ್ರಿ ಐದನೇ ಇಯತ್ತೆ ಪಾಸಾಗಿದ್ದಳು, ಆರನೆಯದೂ ಪಾಸಾಗಿದ್ದಳು. ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು. ಆ ಹುಡುಗಿಯನ್ನು ಒಮ್ಮೆ ಕಣ್ಣಿಂದ ನೋಡಬೇಕೆಂದು ತುಳಜಾಬಾಯಿ ಹನ್ನೆರಡು ವರ್ಷದವರ ಅಳತೆಯ ಫ್ರಾಕು ಕೊಂಡು, ಬಸ್ಸು ಹಿಡಿದು, ಊರು ಕೇಳುತ್ತ ಸರಸಂಬಾಕ್ಕೆ ಬಂದಿದ್ದರು. ಹೊಲದ ಬದುವಿನಲ್ಲಿ ನಿಂತು ಮೈತ್ರಿಯ ತಾಯಿ ಯಾರು ಎಂದು ಕೇಳಿದಾಗ, ಕಸ ತೆಗೆಯುತ್ತಿದ್ದ ಎಂಟು ಜನ ಹೆಂಗಸರೂ ಒಮ್ಮೆಲೇ ಕೈ ನಿಲ್ಲಿಸಿದ್ದರು.

ಹೆಡ್ ಕಾನ್‌ಸ್ಟೆಬಲ್ ಸಿದ್ದರಾಮೇಶ ಗಣಕಯಂತ್ರದ ಮುಂದೆ ಕೂತು ದೂರು ಬರೆದುಕೊಂಡರು. ಇಪ್ಪತ್ತೆರಡು ವರ್ಷದ ಸೇವೆಯವರು, ಕೈ ಚುರುಕು. ಅವತ್ತು ಮಾತ್ರ ಎರಡು ಸಲ ತಪ್ಪು ಒತ್ತಿ ಅಳಿಸಿದರು.

"ಮೇಡಂ, ಕಲಂ ಹಳೇದ ಹಾಕಬೇಕೋ ಹೊಸಾದೋ?"

"ಎರಡೂ. ರೊಕ್ಕ ಮತ್ತ ಮೊದಲಿನ ಪತ್ರ ಹಳೇ ಕಾನೂನಿನ ಕಾಲದವು. ಕಡೀ ಎರಡ ಪತ್ರ ಹೋದ ವರ್ಷ ಜುಲೈದಾಗ ಹೊಸಾದು ಬಂದ ಮ್ಯಾಲಿನವು."

ನಂಬಿಕೆ ದ್ರೋಹ, ವಂಚನೆ, ಖೊಟ್ಟಿ ದಾಖಲೆ ಸೃಷ್ಟಿ. ಮಧ್ಯಾಹ್ನ 2.15ಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರತಿಯ ಮೇಲೆ ಹೆಬ್ಬೆಟ್ಟು ಒತ್ತುವ ಮೊದಲು ಮಲ್ಕಮ್ಮ ಕೇಳಿದಳು: "ಕೂಸು ಸತ್ತಿದ್ದಕ್ಕ ಕಲಂ ಇಲ್ಲೇನ್ರಿ?"

ಶೈಲಶ್ರೀ ಆ ಪ್ರಶ್ನೆಯನ್ನು ಆಗಲೇ ತಮಗೆ ತಾವೇ ಕೇಳಿಕೊಂಡಿದ್ದರು. "ನೋಡ್ತೇನಿ," ಎಂದರು. ಸುಳ್ಳು ಹೇಳಿದಂತಾಯಿತೇನೋ ಎಂದು ಆಮೇಲೆ ಅನ್ನಿಸಿತು.

ಮರುದಿನ ಬೆಳಿಗ್ಗೆ 9.30ಕ್ಕೆ ಜೀಪು ಸರಸಂಬಾಕ್ಕೆ ಹೋಯಿತು. ಊರಿನಾಚೆಯ ಓಣಿಯಲ್ಲಿ ಎರಡು ಕೋಣೆಯ ಮನೆ. ಒಳಗಿನ ಗೋಡೆಗೆ ಬುದ್ಧನದೂ ಬಾಬಾಸಾಹೇಬರದೂ ಪಟ. ಮಲ್ಕಮ್ಮನ ಗಂಡ ದೇವೀಂದ್ರಪ್ಪ ಬಾಗಿಲ ಹೊರಗೆ ಕುಂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತನೇ ಹೊರತು ಹೆಂಡತಿ ಎಲ್ಲಿ ಎಂದು ಕೇಳಿದ್ದಕ್ಕೆ ಒಳಗೆ ಕೈ ತೋರಿಸಿದ, ಕೂಗಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ದಿನದಿಂದ ಅವನು ಹೆಂಡತಿಯೊಡನೆ ಒಂದು ಮಾತೂ ಆಡಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ಒಂದೇ ಮನೆ, ಒಂದೇ ಒಲೆ. ತಾಟು ಮುಂದಿಟ್ಟರೆ ಉಣ್ಣುತ್ತಾನೆ, ಎದ್ದು ಹೋಗುತ್ತಾನೆ.

ಮಲ್ಕಮ್ಮ ಹೇಳಿಕೆ ಕೊಟ್ಟಳು.

"ಸಾಲಿಗಿ ಡಾಕ್ಟರ್ ಬಂದಿದ್ರಿ, ಆಕಿ ಸಾಯೂ ಹಿಂದಿನ ವರ್ಷ ಆಗಸ್ಟ್‌ದಾಗ. ಮಕ್ಕಳ ಎದಿ ನೋಡೋರು. ಮೈತ್ರಿಗೆ ಒಂದು ಚೀಟಿ ಕೊಟ್ರು. ಕಲಬುರಗಿ ದೊಡ್ಡ ದವಾಖಾನಿಗಿ ಹೋಗ್ರಿ, ಒಂದ ರೂಪಾಯಿನೂ ಹತ್ತಂಗಿಲ್ಲ ಅಂದ್ರು."

"ಹೋದ್ರೇನು?"

"ಮುಂದಿನ ತಿಂಗಳ ಟ್ಯೂಷನ್‌ಗೆ ಪಾಸ್ಟರ್ ಬಂದಿದ್ರಿ. ಚೀಟಿ ತೋರಿಸ್ದೆ. ಅಲ್ಲಿ ಪಾಳಿ ಭಾಳ ಹಚ್ಚಬೇಕು, ಆರು ತಿಂಗಳ ಹಿಡೀತದ, ನಾವು ಪ್ರೈವೇಟ್‌ದಾಗ ಮಾಡಸ್ತೀವಿ, ದಾನಿ ಅದಾರ ಅಂದ್ರು. ಚೀಟಿ ಅವರೇ ಇಟಗೊಂಡ್ರು."

"ಮುಂದ?"

"ಕೇಳ್ಕೋತ ಹೋದೆ. ಮುಂದಿನ ವಾರ ಅಂದ್ರು. ಹಬ್ಬ ಆಗ್ಲಿ ಅಂದ್ರು. ಹನ್ನೊಂದ ಸಲ ಆಳಂದಕ್ಕ ಹೋಗೀನ್ರಿ. ಹೋದಾಗೊಮ್ಮೆ ಕೂಲಿ ಮುರೀತಿತ್ತು, ಅದಕ್ಕ ಲೆಕ್ಕ ನೆನಪದ." ಬಾಗಿಲ ಕಡೆ ಕೈ ತೋರಿಸಿ ಹೇಳಿದಳು: "ಈತ ಅವಾಗೇ ಅಂದಿದ್ದ, ಸರಕಾರಿ ದವಾಖಾನಿಗೇ ಹೋಗೂನು ಅಂತ. ನಾನೇ ಬ್ಯಾಡ ಅಂದೆ."

ಬಾಗಿಲ ಹೊರಗೆ ದೇವೀಂದ್ರಪ್ಪನ ನೆರಳು ಅಲುಗಲಿಲ್ಲ.

ಹಿಂದಿರುಗುವಾಗ ಜೀಪು ಹೊಡೆಯುತ್ತಿದ್ದ ಸಿದ್ದರಾಮೇಶ ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ ವೇಗ ಇಳಿಸಿದರು.

"ಮೇಡಂ, ಒಂದು ಮಾತು ಹೇಳೂದದ."

"ಹೇಳ್ರಿ."

"ಆ ವರ್ಷ ಫೆಬ್ರವರಿದಾಗ ಈಕಿ ಆಳಂದ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲ್ರಿ. ಪಾಸ್ಟರ್ ದಿನಾ ದೂಡಾಕತ್ಯಾರ, ಚೀಟಿ ವಾಪಸ್ ಕೊಡಸ್ರಿ ಸಾಹೇಬ್ರ ಅಂದ್ಲು. ನನ್ನ ಡ್ಯೂಟಿ ಮುಗದಿತ್ತು. ನಾ ಏನಂದೆ ಗೊತ್ತೇನ್ರಿ? ಅವ್ರು ದೇವರಂಥಾ ಮನುಷ್ಯಾರು, ಪುಕ್ಕಟೆ ಮಾಡೋರ ಮ್ಯಾಲ ಸಂಶಯ ಪಡಬಾರದವ್ವ, ಕಾಯಿ ಅಂದೆ." ಅವರು ರಸ್ತೆಯನ್ನೇ ನೋಡುತ್ತಿದ್ದರು. "ನನ್ನ ಮಗಳಿಗೆ ಆ ಟ್ರಸ್ಟಿನ ಬ್ಯಾಗ್ ಕೊಟ್ಟಿದ್ರು. ಪಾಟಿ, ಪುಸ್ತಕ ಎಲ್ಲಾ."

ಶೈಲಶ್ರೀ ಅವರ ಕಡೆ ತಿರುಗಿದರು.

"ಬರದು ಕೊಡ್ತೀರೇನು?"

"ಕೊಡ್ತೇನ್ರಿ."

"ಸಾಕ್ಷಿ ಆದಮ್ಯಾಗ ಪಂಚನಾಮೆ ನೀವು ಬರೆಯೂಹಂಗಿಲ್ಲ. ಇವತ್ತಿಂದ ಜೀಪ್ ಅಷ್ಟೇ ಹೊಡೀರಿ."

"ಹೂಂನ್ರಿ."

ನವೆಂಬರ್ 20ರ ಬೆಳಿಗ್ಗೆ 11 ಗಂಟೆಗೆ ಆಳಂದದ ಟ್ರಸ್ಟ್ ಕಚೇರಿಯ ಶೋಧ. ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆ. ಬೀಗದ ಕೈ ತಂದವರು ಟ್ರಸ್ಟಿಗಳಲ್ಲೊಬ್ಬರಾದ ಶಾಂತಕುಮಾರ ಮಾಸ್ತರರು. ನಿವೃತ್ತ ಶಿಕ್ಷಕರು, ಪ್ರಾರ್ಥನಾ ಮಂದಿರದ ಹಿರಿಯರು. ಮಂದಿರದ ಛಾವಣಿಗೆಂದು ತಮ್ಮ ಒಂದು ತಿಂಗಳ ಪೆನ್ಷನ್ ಕೊಟ್ಟವರು. ದೇವಪುತ್ರ ಕಲಬುರಗಿಗೆ ಸಭೆಗೆ ಹೋಗಿದ್ದಾನೆಂದು ಹೇಳಿದರು. ಕಚೇರಿಯ ಗುಮಾಸ್ತೆ ರಾಧಿಕಾ ಮಂಗಳವಾರ ಸಂಜೆಯಿಂದ ಬಂದಿಲ್ಲ.

ಇಬ್ಬರು ಪಂಚರ ಸಮಕ್ಷಮ ಕಪಾಟು ತೆಗೆಯಲಾಯಿತು. ಅರವತ್ತೊಂದು ಮಕ್ಕಳ ಫೈಲುಗಳಿದ್ದವು. ಮೈತ್ರಿಯ ಫೈಲಿನಲ್ಲಿ ಶಾಲೆಯ ದಾಖಲೆ, ದಾನಿಗೆ ಕಳಿಸಿದ್ದ ಫೋಟೋದ ಪ್ರತಿ, ಮತ್ತು ಮಡಿಕೆಯಲ್ಲಿ ಸವೆದ ಆಸ್ಪತ್ರೆಯ ಚೀಟಿ ಇತ್ತು. ಅಸಲು. ಸತ್ತಳೆಂಬುದಕ್ಕೆ ಒಂದು ಸಾಲೂ ಇರಲಿಲ್ಲ.

"ಮಾಸ್ತರ್ರ, ಈ ಆಡಿಟ್ ಕಾಗದಕ್ಕ ಸಹಿ ನಿಮ್ಮದೇನು?"

"ನಂದೇ ರಿ."

"ವೈದ್ಯಕೀಯ ನೆರವು, ಎರಡು ಲಕ್ಷ ಎಂಬತ್ತೈದು ಸಾವಿರ. ಯಾರಿಗೆ ನೆರವು?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಲಿಲ್ರಿ."

"ಯಾಕ?"

"ಪ್ರಾರ್ಥನಾ ಮಾಡೋ ಕೈಗೆ ಲೆಕ್ಕ ಹ್ಯಾಂಗ ಕೇಳೂದ್ರಿ? ಅವ್ರು ಕಾಗದ ಮುಂದಿಡ್ತಿದ್ರು, ನಾ ಸಹಿ ಮಾಡ್ತಿದ್ದೆ. ಮಂದಿ ನನ್ನ ಮಾರಿ ನೋಡಿ ಕಾಣಿಕಿ ಹಾಕತಿದ್ರು." ಅವರ ದನಿ ಇಳಿಯಿತು. "ನಲವತ್ತು ವರ್ಷ ಹುಡುಗರ ಉತ್ತರಪತ್ರಿಕಾ ಸಾಲು ಸಾಲು ಓದೀನಿ. ಇದನ್ನ ಓದಲಿಲ್ಲ."

ಕಾಗದಗಳು, ರಸೀದಿ ಪುಸ್ತಕ, ಭೇಟಿ ಪುಸ್ತಕ, ಗಣಕಯಂತ್ರ ವಶಕ್ಕೆ ಬಂದವು. 1.50ಕ್ಕೆ ಪಂಚನಾಮೆ ಮುಗಿಯಿತು. 24ರಂದು ವಿಚಾರಣೆಗೆ ಹಾಜರಾಗಬೇಕೆಂದು ದೇವಪುತ್ರನ ಹೆಸರಿನ ನೋಟಿಸು ಬಾಗಿಲಿಗೆ ಅಂಟಿತು.

ಅಂದು ಮಧ್ಯಾಹ್ನ ಶೈಲಶ್ರೀ ಆರು ಪತ್ರಗಳನ್ನೂ ಮೇಜಿನ ಮೇಲೆ ಹರವಿಕೊಂಡು ಕೂತರು. ಮಗುವಿನ ವಿಳಾಸ ಕೇಳಬಾರದು, ಮಕ್ಕಳ ಸುರಕ್ಷತೆಗಾಗಿ ನೇರ ಸಂಪರ್ಕ ಮಾಡಬಾರದು ಎಂದು ಟ್ರಸ್ಟಿನ ನಿಯಮ. ಐದು ಪತ್ರಗಳಲ್ಲಿ ಊರಿನ ಹೆಸರಿರಲಿಲ್ಲ. ಕೊನೆಯದರಲ್ಲಿ ಮಾತ್ರ, ನಡುವೆ ಒಂದು ಸಾಲು: 'ಅಜ್ಜಿ, ನಮ್ಮ ಊರು ಸರಸಂಬಾ. ನಮ್ಮವ್ವನ ಹೆಸರು ಮಲ್ಕಮ್ಮ.' ಮರೆತು ಬರೆದ ಸಾಲಲ್ಲ ಅದು. ಅಕ್ಷರಗಳನ್ನು ಒತ್ತಿ ಬರೆಯಲಾಗಿತ್ತು.

ಪತ್ರ ಬರೆದವರೇ ತುಳಜಾಬಾಯಿಯನ್ನು ಕರೆಸಿಕೊಂಡಿದ್ದಾರೆ ಎಂದು ಶೈಲಶ್ರೀಗೆ ಖಚಿತವಾಯಿತು.

ರಾಧಿಕಾಳ ಊರು ಅಫಜಲಪುರ ತಾಲ್ಲೂಕಿನ ಕರಜಗಿ. ನವೆಂಬರ್ 22, ಶನಿವಾರ 10.20ಕ್ಕೆ ಜೀಪು ಅಲ್ಲಿ ನಿಂತಿತು. ಕಬ್ಬಿನ ಗದ್ದೆಯ ಅಂಚಿನ ಮನೆ. ಇಪ್ಪತ್ತನಾಲ್ಕರ ಹುಡುಗಿ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಸಮವಸ್ತ್ರ ಕಂಡು ಕೈ ತೊಳೆದುಕೊಂಡು ಎದ್ದಳು. ಓಡಲಿಲ್ಲ.

"ಬರ್ರಿ," ಎಂದಳು. "ದಾರಿ ನೋಡಾಕತ್ತಿದ್ದೆ."

ಶೈಲಶ್ರೀ ಹಾಳೆ, ಪೆನ್ನು ಮುಂದಿಟ್ಟರು. "ಬರಿ. ನನ್ನ ಆಪರೇಷನ್ ಆಯಿತು, ಈಗ ನಾನು ಓಡುತ್ತೇನೆ."

ರಾಧಿಕಾ ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಅಕ್ಷರಗಳು ಸೊಟ್ಟಗೆ, ದುಂಡಗೆ ಮೂಡಿದವು, ಸಾಲು ಕೊನೆಗೆ ಬರುತ್ತ ಕೆಳಗಿಳಿಯಿತು. ಅದೇ ಕೈಬರಹ. ಶೈಲಶ್ರೀ ಮಾದರಿಗೆಂದು ಇನ್ನೆರಡು ಹಾಳೆ ಬರೆಸಿಕೊಂಡರು.

"ಯಾರ ಹೇಳಿದ್ರು ಬರೀ ಅಂತ?"

"ಪಾಸ್ಟರ್. ಕೂಸು ಸತ್ತಿದ್ದು ಗೊತ್ತಾಗಿತ್ರಿ ನಮಗ. ಒಂದ ಪತ್ರ ಬರದು ಬಿಡು, ಮುಂದ ನಾ ನಿಧಾನಕ್ಕ ಆ ತುಳಜಾಬಾಯಿಗಿ ಹೇಳ್ತೇನಿ ಅಂದ್ರು. ಜೂನ್ ಬಂತು. ಇನ್ನೊಂದ ಅಂದ್ರು."

"ಯಾಕ ಬರದಿ?"

"ಪಗಾರ ಏಳು ಸಾವಿರ ರಿ. ಮನ್ಯಾಗ ಅದೊಂದೇ." ಅವಳು ತಲೆಯೆತ್ತಲಿಲ್ಲ. "ಅಷ್ಟೇ ಆಗಿದ್ರ ಎರಡು ಸಾಲು ಬರದು ಮುಗಸ್ತಿದ್ದೆ. ಹಂಗ ಬರೀಲಿಲ್ರಿ ನಾ. ಮೈತ್ರಿ ಇದ್ದಿದ್ರ ಈಗ ಐದನೇದು ಅನ್ಕೊಂಡು, ಐದನೇ ಪುಸ್ತಕದಾಗ ಏನದ ನೋಡಿ ಬರೀತಿದ್ದೆ. ಗೆಳತಿ ಇಲ್ಲಂದ್ರ ಹ್ಯಾಂಗ ಅಂತ ಗೆಳತಿ ಮಾಡಿಕೊಟ್ಟೆ. ಬರಿಯೂತನಕ ಆಕಿ ಇರ್ತಿದ್ಲು. ಟಪಾಲಿಗೆ ಹಾಕಿ ಬಂದ ಮ್ಯಾಲ ರಾತ್ರಿ ಉಣ್ಣಾಕ ಆಗ್ತಿರಲಿಲ್ಲ."

"ಕಡೀ ಪತ್ರದಾಗ ಊರು ಬರದಿ."

"ಪಾಸ್ಟರ್ ಓದಲಾರದ ಸಹಿ ಹಾಕ್ತಾರ ಅಂತ ಗೊತ್ತಿತ್ತು. ಯಾರಾರೇ ಬಂದು ಕೇಳ್ಲಿ ಅಂತ ಬರದೆ. ನಾನೇ ಬಂದು ಹೇಳೂ ಧೈರ್ಯ ಇರಲಿಲ್ಲ." ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಐದು ತಿಂಗಳ ಯಾರೂ ಬರಲಿಲ್ರಿ."

"ನೀನು ಎರಡನೇ ಆರೋಪಿ ಆಗ್ತಿ."

"ಆಗ್ಲಿ ರಿ."

ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಲು ಒಪ್ಪಿದಳು. ಹೊರಡುವಾಗ ಶೈಲಶ್ರೀಗೆ ಅವಳು ಕೊಟ್ಟ ಮುಖ್ಯ ಮಾಹಿತಿ ಒಂದೇ: ಪಾಸ್ಟರ್ ಮನೆ ಆಳಂದದಲ್ಲಿ ಬಾಡಿಗೆಯದು ಎಂದು ಎಲ್ಲರೂ ತಿಳಿದಿದ್ದಾರೆ, ಆದರೆ ಜೇವರ್ಗಿಯಲ್ಲಿ ಸ್ವಂತ ಮನೆಯಿದೆ.

24ರಂದು ದೇವಪುತ್ರ ಹಾಜರಾಗಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. 25ರಂದು ಜೇವರ್ಗಿಯ ಉಪನೋಂದಣಿ ಕಚೇರಿಯಿಂದ ದಾಖಲೆಗಳ ನಕಲು ಸಿಕ್ಕವು. ಶಹಾಪುರ ರಸ್ತೆಯ ಬಡಾವಣೆಯಲ್ಲಿ ಒಂದು ನಿವೇಶನ, ದೇವಪುತ್ರ ಮತ್ತು ಅವನ ಹೆಂಡತಿ ಸುಗುಣಾಳ ಹೆಸರಿನಲ್ಲಿ. ಅದರ ಮೇಲೆ ಎರಡಂತಸ್ತಿನ ಮನೆ. ಬ್ಯಾಂಕಿನವರು ಟ್ರಸ್ಟಿನ ಖಾತೆಯ ವಿವರ ಕಳಿಸಿದ್ದರು. 2023ರ ಫೆಬ್ರವರಿ 8ರಂದು 2,85,000 ರೂಪಾಯಿ ಜೇವರ್ಗಿಯ ಒಂದು ಸಿಮೆಂಟು ಮತ್ತು ಕಬ್ಬಿಣದ ಅಂಗಡಿಗೆ ಹೋಗಿತ್ತು. ತುಳಜಾಬಾಯಿ ಕಳಿಸಿದ ಮೊತ್ತವೇ, ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲದೆ. ಮೇಸ್ತ್ರಿಯನ್ನು ಹುಡುಕಿ ಕೇಳಿದಾಗ ಅವನು ತನ್ನ ಚೀಟಿ ಪುಸ್ತಕ ನೋಡಿ ಹೇಳಿದ: ಮೊದಲ ಅಂತಸ್ತಿನ ಸ್ಲ್ಯಾಬ್ ಹಾಕಿದ್ದು ಫೆಬ್ರವರಿ 14.

ಫೆಬ್ರವರಿ 14ರಿಂದ ಮಾರ್ಚ್ 29ಕ್ಕೆ ನಲವತ್ತಮೂರು ದಿನ.

ಮಗುವಿನ ಸಾವಿನ ಕಲಮಿನ ಬಗ್ಗೆ ಶೈಲಶ್ರೀ ಸರಕಾರಿ ವಕೀಲರನ್ನು ಕೇಳಿದರು. ಆಗ ಆಪರೇಷನ್ ಆಗಿದ್ದರೆ ಬದುಕುತ್ತಿದ್ದಳೆಂದು ಯಾವ ವೈದ್ಯನೂ ಪ್ರಮಾಣ ಮಾಡಿ ಹೇಳಲಾರ, ಕಲಂ ನಿಲ್ಲುವುದು ಕಷ್ಟ ಎಂದರು. ಹೃದ್ರೋಗ ತಜ್ಞರ ಅಭಿಪ್ರಾಯ ಕೋರಿ ಶೈಲಶ್ರೀ ಪತ್ರವನ್ನಂತೂ ಬರೆದರು. ಆದಾಯ ತೆರಿಗೆ ಇಲಾಖೆಗೆ, ಟ್ರಸ್ಟಿನ ವಿನಾಯಿತಿ ಕುರಿತು, ದಾಖಲೆಗಳೊಡನೆ ಇನ್ನೊಂದು.

26ರ ಸಂಜೆ 5 ಗಂಟೆಗೆ ಅವರು ಮತ್ತೆ ಸರಸಂಬಾಕ್ಕೆ ಹೋದರು. ದೇವೀಂದ್ರಪ್ಪನನ್ನೂ ಒಳಗೆ ಕರೆದು ಕೂರಿಸಿದರು. ತನಿಖೆಯಲ್ಲಿ ಕಂಡದ್ದನ್ನು ದೂರುದಾರರಿಗೆ ತಿಳಿಸುವುದು ನಿಯಮ. ಅಷ್ಟಕ್ಕೇ ಆಗಿದ್ದರೆ ಫೋನು ಸಾಕಿತ್ತು.

"ಸೆಪ್ಟೆಂಬರ್‌ದಾಗ ನಿಮ್ಮ ಚೀಟಿ ತಗೊಂಡಾನ. ಜನವರಿದಾಗ ರೊಕ್ಕ ಬಂದಾವ. ಆ ರೊಕ್ಕ ಆತನ ಮನಿ ಸ್ಲ್ಯಾಬಿಗೆ ಹೋಗ್ಯಾವ. ಚೀಟಿ ಆತನ ಕಪಾಟಿನ್ಯಾಗೇ ಇತ್ತು. ಮಲ್ಕಮ್ಮ ಹನ್ನೊಂದ ಸಲ ಹೋಗ್ಯಾಳ. ಕಚೇರಿ ಭೇಟಿ ಪುಸ್ತಕದಾಗ ಒಂಬತ್ತ ಸಲದ್ದು ಹೆಬ್ಬೆಟ್ಟು ಅದ, ನಾನೇ ನೋಡೀನಿ."

ಮಲ್ಕಮ್ಮ ಕೇಳಿದಳು, "ಮೇಡಮ್ಮೋರ, ನಿಮ್ಮ ಕಾಗದದಾಗ ನಂದು ತಪ್ಪಿಲ್ಲ ಅಂತ ಬರದೀರೇನ್ರಿ?"

ಅಂಥ ಅಂಕಣ ಯಾವ ನಮೂನೆಯಲ್ಲೂ ಇಲ್ಲ. "ಹೋದ ತಾರೀಖೆಲ್ಲಾ ಬರದೀನಿ," ಎಂದರು ಶೈಲಶ್ರೀ. "ಓದಿದವರಿಗೆ ತಿಳೀತದ."

ಆಮೇಲೆ ದೇವೀಂದ್ರಪ್ಪ ಗೋಡೆ ಹಿಡಿದು ಎದ್ದ. ಗಂಟಲು ಸರಿಮಾಡಿಕೊಂಡ.

"ಏ," ಎಂದ, ಹೆಂಡತಿಯ ಕಡೆ ತಿರುಗಿ. "ಮೇಡಮ್ಮೋರಿಗೆ ಚಾ ಇಡು."

ಮಲ್ಕಮ್ಮ ಅವನನ್ನೇ ನೋಡುತ್ತ ನಿಂತಳು. ಠಾಣೆಯಲ್ಲಿ ಅಳದವಳು ಒಲೆಯ ಮುಂದೆ ಕುಂತು, ಸೆರಗು ಬಾಯಿಗೊತ್ತಿಕೊಂಡು, ಚಹಾ ಉಕ್ಕುವವರೆಗೂ ಅತ್ತಳು.

ನವೆಂಬರ್ 27, ಗುರುವಾರ ಬೆಳಿಗ್ಗೆ 6.50. ಜೇವರ್ಗಿ ಠಾಣೆಯ ಇಬ್ಬರು ಸಿಬ್ಬಂದಿಯೊಡನೆ ಶೈಲಶ್ರೀ ಶಹಾಪುರ ರಸ್ತೆಯ ಮನೆಯ ಬಾಗಿಲು ತಟ್ಟಿದರು. ದೇವಪುತ್ರನೇ ತೆಗೆದ. ನಲವತ್ತೆಂಟರ ಆಳು, ಕ್ಷೌರ ಮಾಡಿಕೊಂಡು ಬಿಳಿ ಅಂಗಿ ಹಾಕಿದ್ದ. ಎಲ್ಲಿಗೋ ಹೊರಟವನಂತಿದ್ದ. ಅಮೃತಶಿಲೆಯ ನೆಲ, ಗಾಜಿನ ಕಪಾಟು, ಮಹಡಿಗೆ ಉಕ್ಕಿನ ಕಂಬಿಯ ಮೆಟ್ಟಿಲು. ಮಹಡಿಯ ಅಂಚಿನಲ್ಲಿ ಹೆಂಡತಿ ಸುಗುಣಾ ಬಂದು ನಿಂತಳು.

"ನಿನ್ನೆ ಬರಬೇಕಂದಿದ್ದೆ ರಿ ಠಾಣೆಗೆ," ಎಂದ. "ಬಸ್‌ಸ್ಟ್ಯಾಂಡಿನ ತನಕ ಬಂದು ವಾಪಸ್ ಹೋದೆ."

"24ಕ್ಕ ಬರಬೇಕಿತ್ತು."

"ಹೌದ್ರಿ."

ಬಂಧನದ ಕಾರಣ ಓದಿ ಹೇಳಲಾಯಿತು. ಮೆಮೊದಲ್ಲಿ, ಯಾರಿಗೆ ತಿಳಿಸಬೇಕು ಎಂಬಲ್ಲಿ ಸುಗುಣಾಳ ಹೆಸರು ಬರೆಸಿದ. 7.25ಕ್ಕೆ ಸಹಿ ಮಾಡಿದ.

ಮಧ್ಯಾಹ್ನದೊಳಗೆ ಠಾಣೆಯಲ್ಲಿ ವಿಚಾರಣೆ ನಡೆಯಿತು. ವಕೀಲರು ಬರುವವರೆಗೆ ಮಾತಾಡಬೇಕಿಲ್ಲವೆಂದು ಶೈಲಶ್ರೀ ಹೇಳಿದರು. ಅವನು ಮಾತಾಡಿದ. ಪೊಲೀಸರ ಮುಂದಿನ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಶೈಲಶ್ರೀ ಅದನ್ನು ತಮ್ಮ ಕೇಸ್ ಡೈರಿಯಲ್ಲಿ ಬರೆದಿಟ್ಟರು.

"ಚೀಟಿ ಯಾಕ ವಾಪಸ್ ಕೊಡಲಿಲ್ಲ?"

"ಮಾರ್ಚ್ ಆಖೈರಿಗೆ ಇನ್ನೊಂದು ದೇಣಿಗಿ ಬರೂದಿತ್ರಿ. ಬಂದ ಕೂಡ್ಲೆ ಆಪರೇಷನ್ ಮಾಡಸ್ತಿದ್ದೆ. ಸರಕಾರಿ ದವಾಖಾನ್ಯಾಗ ಪುಕ್ಕಟೆ ಆಗಿಬಿಟ್ರ ಸೋಲಾಪುರದ ಬಾಯಿಗಿ ಏನ್ ಹೇಳ್ಲಿ? ರೊಕ್ಕ ವಾಪಸ್ ಕೊಡು ಅಂದ್ರ ಎಲ್ಲಿಂದ ತರ್ಲಿ? ಕಬ್ಬಿಣಕ್ಕ ಕೊಟ್ಟಾಗಿತ್ತು."

"ಉಳಿದ ಮಕ್ಕಳದು?"

"ಅದೂ ಅದರಾಗೇ ಹೋಗ್ಯಾವ. ಎಲ್ಲಾ ಅಲ್ಲ."

"ಮನಿ ಯಾಕ ಬೇಕಾಗಿತ್ತು?"

ಅವನು ಹೇಳಿದ್ದಿಷ್ಟು. ಅವನ ತಂದೆ ಜೇವರ್ಗಿಯ ಕಡೆ ಕಲ್ಲಿನ ಗಣಿಯಲ್ಲಿ ಸತ್ತಿದ್ದ. ಎಂಟನೇ ವಯಸ್ಸಿಗೆ ಅವನನ್ನು ಒಂದು ಹಾಸ್ಟೆಲಿಗೆ ಸೇರಿಸಿದರು. ಎಲ್ಲೋ ದೂರದ ಒಬ್ಬರು ಅವನ ಖರ್ಚು ಕೊಡುತ್ತಿದ್ದರು. ಅವರ ಮುಖ ಅವನು ಯಾವತ್ತೂ ಕಂಡಿರಲಿಲ್ಲ.

"ಹನ್ನೊಂದು ವರ್ಷ ತಿಂಗಳಾ ತಿಂಗಳಾ ಪತ್ರ ಬರದೀನ್ರಿ. ಹೊದಿಕಿ ಕೊಟ್ರಿ, ಉಪಕಾರ ಆತು. ಸಾಬೂನು ಕೊಟ್ರಿ, ಉಪಕಾರ ಆತು. ಉಣ್ಣೂದು ಅವರದು, ಚಡ್ಡಿ ಅವರದು, ಮಲಗೂ ಜಾಗಾ ಅವರದು. ದೊಡ್ಡಾಂವ ಆದಮ್ಯಾಗೂ ಹಂಗೇ. ವೇದಿಕಿ ಮ್ಯಾಲ ನಿಂತ್ರೂ ಕೈ ಮುಗದೇ ನಿಂದರಬೇಕು. ಯಾರಿಗೂ ಉಪಕಾರ ಆತು ಅನ್ನಲಾರದ ಮಲಗಾಕ ಒಂದು ಕೋಲಿ ಬೇಕಾಗಿತ್ರಿ ನನಗ. ಒಂದೇ ಕೋಲಿ. ಅದು ಮುಗೀತು, ಮತ್ತೊಂದು ಬೇಕನಸ್ತು."

"ಸಿಕ್ತೇನು ಆ ಕೋಲಿ?"

"ಮ್ಯಾಲ ಅದ ಅದು, ಅದರಾಗ ಮಲಗಿಲ್ರಿ ನಾ. ಮಾರ್ಚ್ ಆದಮ್ಯಾಗ ಕೆಳಗೇ ಮಲಗ್ತೇನಿ."

ಶೈಲಶ್ರೀ ಮೈತ್ರಿಯ ಫೋಟೋವನ್ನು ಅವನ ಮುಂದಿಟ್ಟರು. ಗುಡಿಸಲಿನ ಗೋಡೆಯ ಮುಂದೆ, ಕೈ ಕೆಳಗೆ ಬಿಟ್ಟು ನಿಂತ ಹುಡುಗಿ.

"ಇದನ್ನ ತೆಗದಾವ್ರು ಯಾರು?"

"ನಾನೇ ರಿ." ಅವನು ಫೋಟೋ ಮುಟ್ಟಲಿಲ್ಲ. "ನನ್ನ ಫೋಟೋ ತೆಗದಾಗ ಅಂಗಿ ಬಿಚ್ಚಿಸಿ ನಿಲ್ಲಿಸಿದ್ರು. ಫೋಟೋ ಅಂದ್ರ ನಗಬೇಕು ಅಂತ ತಿಳದು ನಾ ನಕ್ಕೆ. ನಗಬ್ಯಾಡ ಅಂದ್ರು. ನಗೂ ಹುಡುಗರಿಗೆ ಯಾರೂ ಕೊಡಂಗಿಲ್ಲಂತ." "ಈಕಿನೂ ನಗಾಕತ್ತಿದ್ಲ್ರಿ. ಎರಡು ಸಲ ತೆಗೀಬೇಕಾತು."

ಸಂಜೆ 4.10ಕ್ಕೆ ಆರೋಪಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ವಶಪಡಿಸಿಕೊಂಡ ಗಣಕಯಂತ್ರವನ್ನು ತಜ್ಞರು ತೆರೆದಾಗ ಮೊದಲ ಸಲ ತೆಗೆದ, ಮೈತ್ರಿ ನಗುತ್ತಿರುವ ಫೋಟೋವೂ ಅದರಲ್ಲಿತ್ತು. ಅಳಿಸಿರಲಿಲ್ಲ. ಅದು ಮುದ್ದೆಮಾಲು, ಮೊಕದ್ದಮೆಯ ವಸ್ತು, ಆದ್ದರಿಂದ ನ್ಯಾಯಾಲಯದ ಅನುಮತಿ ಬೇಕಾಯಿತು. ಡಿಸೆಂಬರ್ 9ರಂದು ಒಂದು ಪ್ರತಿ ಸಿಕ್ಕಿತು. ಸಿದ್ದರಾಮೇಶ ರಜೆ ಹಾಕಿ, ಸಮವಸ್ತ್ರವಿಲ್ಲದೆ, ತಮ್ಮ ಗಾಡಿಯ ಮೇಲೆ ಅದನ್ನು ಸರಸಂಬಾಕ್ಕೆ ಒಯ್ದರು. ಹೊಲದಿಂದ ಬಂದ ಗಂಡ ಹೆಂಡತಿ ಇಬ್ಬರೂ ಕೈ ತೊಳೆದು ಬರುವವರೆಗೆ ಸಿದ್ದರಾಮೇಶ ಅಂಗಳದಲ್ಲಿ ನಿಂತಿದ್ದರು. ಒಳಗೆ ಬರ್ರಿ ಎಂದು ಮಲ್ಕಮ್ಮ ಎರಡು ಸಲ ಕರೆದ ಮೇಲೆ ಒಳಗೆ ಹೋದರು.